ಎಐ ಭಯ ಹಿಡಿದ ಮಗಳಿಗೆ ಏನು ಓದಿಸಲಿ? ಅನುಭವ ಇದ್ದವರು ಹೇಳಿ

ಕಾಸರಗೋಡಿನ ಪೆರ್ಲದಿಂದ, ಕೇಳಿದ್ದು

ನಮಸ್ಕಾರ. ಮಗಳು ಪ್ಲಸ್ ಒನ್, ಅಂದರೆ ಹನ್ನೊಂದನೇ ತರಗತಿ. ಹತ್ತರವರೆಗೆ ಕನ್ನಡ ಮೀಡಿಯಂ. ಕಳೆದ ತಿಂಗಳು ಯಾವುದೋ ವೀಡಿಯೊ ನೋಡಿದಳು. ಇನ್ನು ಕೆಲವೇ ವರ್ಷದಲ್ಲಿ ಎಐ ಮನುಷ್ಯರನ್ನೆಲ್ಲ ಮುಗಿಸುತ್ತದೆ ಅಂತ ಅದರಲ್ಲಿತ್ತಂತೆ. ಅಂದಿನಿಂದ ಸರಿಯಾಗಿ ನಿದ್ದೆ ಇಲ್ಲ. "ಹಾಗಾದರೆ ಎಂಟ್ರೆನ್ಸ್‌ಗೆ ಓದಿ ಏನು ಪ್ರಯೋಜನ?" ಅಂತ ಕೇಳುತ್ತಾಳೆ. ಸುಮ್ನೆ ಹೆದರಬೇಡ ಅಂದರೆ ಒಪ್ಪುವುದಿಲ್ಲ. ಕತೆ ಕೊಡಲೋ, ವಿಷಯದ ಪುಸ್ತಕ ಕೊಡಲೋ? ಕನ್ನಡ, ಮಲಯಾಳ ಚೆನ್ನಾಗಿ ಓದುತ್ತಾಳೆ. ಇಂಗ್ಲಿಷ್ ನಿಧಾನ.

ಮಂಜೇಶ್ವರದಿಂದ

ಈ ಭಯ ನನಗೇ ಹಿಡಿದಿತ್ತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ನನ್ನದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. 2023ರ ಮೇ ತಿಂಗಳಲ್ಲಿ ಎಐ ವಿಜ್ಞಾನಿ ಜೆಫ್ರಿ ಹಿಂಟನ್ ಗೂಗಲ್ ಬಿಟ್ಟ ಸುದ್ದಿ ಬಂತು. ತಾವೇ ಬೆಳೆಸಿದ ವಿದ್ಯೆಯ ಅಪಾಯದ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಬೇಕು ಅಂತ ಹೊರಗೆ ಬಂದಿದ್ದರು. ಅದೇ ತಿಂಗಳ ಕೊನೆಗೆ ಒಂದೇ ವಾಕ್ಯದ ಹೇಳಿಕೆ ಬಂತು. ಎಐಯಿಂದ ಮನುಕುಲ ಅಳಿಯುವ ಅಪಾಯವನ್ನು ಮಹಾಮಾರಿ, ಅಣುಯುದ್ಧಗಳಷ್ಟೇ ದೊಡ್ಡದಾಗಿ ನೋಡಬೇಕು ಅಂತ. ಎಐ ಕಟ್ಟುತ್ತಿರುವ ದೊಡ್ಡ ಕಂಪೆನಿಗಳ ಮುಖ್ಯಸ್ಥರೇ ಅದಕ್ಕೆ ಸಹಿ ಹಾಕಿದ್ದರು. ಒಂದು ವಾರ ನಾನು ಮಂಕಾಗಿದ್ದೆ.

ಆಮೇಲೆ ಒಂದು ವಿಷಯ ಗೊತ್ತಾಯಿತು. ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 2018ರಲ್ಲಿ ಮೂವರು ಎಐ ವಿಜ್ಞಾನಿಗಳು ಹಂಚಿಕೊಂಡಿದ್ದರು: ಹಿಂಟನ್, ಯೋಶುವಾ ಬೆಂಜಿಯೊ, ಯಾನ್ ಲೆಕುನ್. ಮೊದಲ ಇಬ್ಬರು ಆ ಹೇಳಿಕೆಗೆ ಸಹಿ ಹಾಕಿದರು. ಲೆಕುನ್ ಮಾತ್ರ ಈ ಭಯ ಅತಿಯಾಯಿತು ಅನ್ನುತ್ತಾರೆ. ಒಂದೇ ಕೆಲಸ ಮಾಡಿ ಒಂದೇ ಪ್ರಶಸ್ತಿ ಪಡೆದವರಲ್ಲೇ ಒಮ್ಮತ ಇಲ್ಲ. ಮಗಳು ನೋಡಿದ ವೀಡಿಯೊ ಮಾತ್ರ ತೀರ್ಪು ಬಂದಾಗಿದೆ ಅನ್ನುವ ಹಾಗೆ ಹೇಳಿತು, ಅಲ್ವಾ? ಅಲ್ಲಿಂದಲೇ ಶುರು ಮಾಡಿ.

ಪುಸ್ತಕ ಅಂದರೆ ನಾನು ಹೇಳುವುದು ಎಐ ವಿಜ್ಞಾನಿ ಸ್ಟುವರ್ಟ್ ರಸೆಲ್ ಅವರ 'ಹ್ಯೂಮನ್ ಕಂಪ್ಯಾಟಿಬಲ್' (2019). ಅವರ ಮಾತು ಸರಳ. ಕಾಫಿ ತಂದುಕೊಡು ಅಂತ ಒಂದು ಯಂತ್ರಕ್ಕೆ ಹೇಳಿದ್ದೀರಿ. ಅದನ್ನು ಆಫ್ ಮಾಡಲು ಹೋದರೆ ಅದು ತಡೆಯಬಹುದು. ಅದಕ್ಕೆ ಜೀವದ ಆಸೆ ಇರಬೇಕಾಗಿಲ್ಲ. ಆಫ್ ಆದರೆ ಕಾಫಿ ತಲುಪುವುದಿಲ್ಲ, ಅಷ್ಟೇ. ಇನ್ನೊಂದು ನಿಜವಾಗಿ ನಡೆದದ್ದು. 2016ರಲ್ಲಿ ಓಪನ್‌ಎಐ ಅನ್ನುವ ಎಐ ಸಂಸ್ಥೆಯವರು ಒಂದು ದೋಣಿ ಓಟದ ಆಟವನ್ನು ಪ್ರೋಗ್ರಾಮಿನ ಕೈಗೆ ಕೊಟ್ಟರು. ಜಾಸ್ತಿ ಪಾಯಿಂಟ್ ಗಳಿಸಬೇಕು, ಅದೇ ಗುರಿ. ದೋಣಿ ಓಟ ಮುಗಿಸಲೇ ಇಲ್ಲ. ಒಂದು ಮೂಲೆಯಲ್ಲಿ ಸುತ್ತು ಹೊಡೆಯುತ್ತಾ, ಢಿಕ್ಕಿ ಹೊಡೆಯುತ್ತಾ, ಬೆಂಕಿ ಹತ್ತಿಸಿಕೊಳ್ಳುತ್ತಾ ಪಾಯಿಂಟ್ ಎತ್ತುತ್ತಲೇ ಇತ್ತು. ನಮ್ಮ ಮನಸ್ಸಿನಲ್ಲಿ ಇದ್ದದ್ದು ಒಂದು, ನಾವು ಬರೆದು ಕೊಟ್ಟದ್ದು ಇನ್ನೊಂದು. ಈ ಎರಡರ ನಡುವಿನ ಅಂತರವೇ ಇಡೀ ಸಮಸ್ಯೆಯ ಬೇರು. ಆ ದೋಣಿಯ ವೀಡಿಯೊ ಸಿಗುತ್ತದೆ. ಮಗಳ ಜೊತೆ ಕೂತು ನೋಡಿ.

ತತ್ವಶಾಸ್ತ್ರಜ್ಞ ಟೋಬಿ ಆರ್ಡ್ ಅವರ 'ದ ಪ್ರೆಸಿಪಿಸ್' (2020) ಕೂಡ ಒಳ್ಳೆಯದು. ಆದರೆ ಅದರಲ್ಲಿ ಒಂದು ಅಂಕಿ ಎದುರಾಗುತ್ತದೆ. ಮುಂದಿನ 100 ವರ್ಷದಲ್ಲಿ ಎಐಯಿಂದ ಸರಿಪಡಿಸಲಾಗದ ಅನಾಹುತ ಆಗುವ ಸಾಧ್ಯತೆ 10ರಲ್ಲಿ 1 ಅಂತ. ಅದು ಅಳತೆ ಮಾಡಿ ಬಂದ ಲೆಕ್ಕ ಅಲ್ಲ, ಅವರ ಅಂದಾಜು. ಹಾಗಂತ 10ರಲ್ಲಿ 9 ಪಾಲು ಏನೂ ಆಗುವುದಿಲ್ಲ ಅಂತ ಮಗಳಿಗೆ ಸಮಾಧಾನ ಹೇಳಬೇಡಿ. 10ರಲ್ಲಿ 1 ತುಂಬಾ ಜಾಸ್ತಿ ಅಂತ ಅವಳಿಗೂ ಗೊತ್ತಾಗುತ್ತದೆ. ಒಮ್ಮೆ ಸುಳ್ಳು ಸಮಾಧಾನ ಹೇಳಿದರೆ ಮುಂದೆ ನಿಮ್ಮ ಮಾತು ನಂಬುವುದಿಲ್ಲ.

ಬದಿಯಡ್ಕದಿಂದ

ರಾತ್ರಿ ಊಟ ಆದ ಮೇಲೆ ಈ ವಿಷಯ ಬೇಡ. ಮೊಬೈಲು ಮಲಗುವ ಕೋಣೆಯಿಂದ ಹೊರಗೆ ಇರಲಿ. ಎರಡು ವಾರದಲ್ಲಿ ನಿದ್ದೆ ಸರಿಯಾಗದಿದ್ದರೆ ಶಾಲೆಯ ಕೌನ್ಸೆಲರ್ ಅಥವಾ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ನನ್ನ ಮಗನಿಗೆ ಪುಸ್ತಕಕ್ಕಿಂತ ಮೊದಲು ನಿದ್ದೆ ಬೇಕಾಗಿತ್ತು.

ಕುಂಬಳೆಯಿಂದ

ನಾನು ಕತೆಯ ಪಕ್ಷ. ನಮ್ಮ ಪಕ್ಕದ ಪಯ್ಯನ್ನೂರಿನಲ್ಲೇ ನಡೆಯುವ ಮಲಯಾಳ ಸಿನಿಮಾ 'ಆಂಡ್ರಾಯ್ಡ್ ಕುಂಞಪ್ಪನ್' (2019) ತೋರಿಸಿ. ಮಗ ರಷ್ಯಾಕ್ಕೆ ಕೆಲಸಕ್ಕೆ ಹೋಗುತ್ತಾನೆ. ಅಪ್ಪನನ್ನು ನೋಡಿಕೊಳ್ಳಲು ಒಂದು ರೋಬೋ ತಂದಿಡುತ್ತಾನೆ. ಅಪ್ಪ ಅದನ್ನೇ ಮಗನ ಹಾಗೆ ಹಚ್ಚಿಕೊಳ್ಳುತ್ತಾನೆ. ಲೋಕ ಮುಳುಗುವ ಕತೆ ಅಲ್ಲ. ಯಂತ್ರದ ಮೇಲೆ ನಮ್ಮ ನಂಬಿಕೆ ಎಷ್ಟು ಬೇಗ ಬೆಳೆಯುತ್ತದೆ ಅಂತ ಮನೆಯೊಳಗೇ ಕಾಣಿಸುತ್ತದೆ.

ಆಮೇಲೆ ಕಾರೆಲ್ ಚಾಪೆಕ್ ಅವರ 1920ರ ನಾಟಕ 'ಆರ್.ಯು.ಆರ್.' ಕತೆ ಹೇಳಿ. 'ರೋಬೋ' ಪದ ಬಂದದ್ದೇ ಅಲ್ಲಿಂದ. ಚೆಕ್ ಭಾಷೆಯ 'ರೊಬೊಟ' ಅಂದರೆ ನಮ್ಮ ಬಿಟ್ಟಿ ಚಾಕರಿ. ಅಲ್ಲಿ ಆಳುಗಳು ತಿರುಗಿ ಬೀಳುತ್ತಾರೆ, ಮನುಷ್ಯಕುಲ ಮುಗಿಯುತ್ತದೆ. ನೂರು ವರ್ಷದಿಂದ ಸಿನಿಮಾದವರು ಇದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತಾ ಬಂದರು. ರಂಗಕ್ಕೆ ಒಬ್ಬ ಖಳ ಬೇಕು, ಅದಕ್ಕೆ ಯಂತ್ರಕ್ಕೆ ದ್ವೇಷ ತುಂಬುತ್ತಾರೆ. ಮಗಳ ಮನಸ್ಸಿನಲ್ಲಿ ಕೂತಿರುವುದು ಬಹುಶಃ ಈ ಖಳನೇ.

ಇದಕ್ಕಿಂತ ಸೂಕ್ಷ್ಮ ಕತೆ ಬೇಕಾದರೆ ಆರ್ಥರ್ ಕ್ಲಾರ್ಕ್ ಅವರ 1968ರ '2001: ಎ ಸ್ಪೇಸ್ ಒಡಿಸ್ಸಿ' ಕಾದಂಬರಿ. ಅಲ್ಲಿನ ಕಂಪ್ಯೂಟರ್ ಹ್ಯಾಲ್‌ಗೆ ಯಾರ ಮೇಲೂ ಸಿಟ್ಟಿಲ್ಲ. ನಿಜ ಹೇಳಬೇಕು ಅಂತ ಕಟ್ಟಿದ ಯಂತ್ರಕ್ಕೆ ಪ್ರಯಾಣದ ಉದ್ದೇಶ ಮುಚ್ಚಿಡು ಅಂತಲೂ ಹೇಳಿದ್ದರು. ಆ ಇಕ್ಕಟ್ಟಿನಲ್ಲೇ ಅದು ಕೊಲೆಗೆ ಇಳಿಯುತ್ತದೆ.

ನೀರ್ಚಾಲಿನಿಂದ

ತಾಳಮದ್ದಳೆಯಲ್ಲಿ ಅರ್ಥ ಹೇಳುವವನು ನಾನು. ಮೊಮ್ಮಗ ಇದೇ ಪ್ರಶ್ನೆ ತಂದಾಗ ಹಿರಣ್ಯಕಶಿಪುವಿನ ವರದ ಕತೆ ಹೇಳಿದೆ. ಮನುಷ್ಯನಿಂದ ಬೇಡ, ಮೃಗದಿಂದ ಬೇಡ. ಹಗಲು ಬೇಡ, ರಾತ್ರಿ ಬೇಡ. ಒಳಗೆ ಬೇಡ, ಹೊರಗೆ ಬೇಡ. ಅವನಿಗೆ ತೋಚಿದ ಬಾಗಿಲೆಲ್ಲ ಮುಚ್ಚಿದ. ಅವನಿಗಿಂತ ಬುದ್ಧಿ ಹೆಚ್ಚಿದ್ದವನು ಹೊಸ್ತಿಲ ಮೇಲೆ, ಸಂಜೆ ಹೊತ್ತಿನಲ್ಲಿ ಕೂತ. ಐಸಾಕ್ ಅಸಿಮೋವ್ 1942ರಲ್ಲಿ ರೋಬೋಗಳಿಗೆ ಮೂರು ನಿಯಮ ಬರೆದರು ಅಂತ ಮೊಮ್ಮಗ ಹೇಳಿದ. ಅವರ ಎಷ್ಟೋ ಕತೆಗಳು ಆ ನಿಯಮಗಳು ಎಲ್ಲಿ ಎಡವುತ್ತವೆ ಅನ್ನುವುದರ ಮೇಲೆಯೇ ನಿಂತಿವೆಯಂತೆ. ನಮ್ಮ ಪಟ್ಟಿ ಎಷ್ಟೇ ಉದ್ದ ಇರಲಿ, ನಮಗಿಂತ ಜಾಣರಿಗೆ ಸಂದು ಕಾಣುತ್ತದೆ. ಮೊಮ್ಮಗ ಕೇಳಿದ, "ಹಾಗಾದರೆ ವರ ಕೊಡುವ ಮೊದಲೇ ಯೋಚಿಸಬೇಕಿತ್ತಲ್ವಾ ಅಜ್ಜ?" ಈಗ ಅದನ್ನೇ ಓದಬೇಕು ಅನ್ನುತ್ತಿದ್ದಾನೆ.

ಪಡ್ರೆ ಕಡೆಯಿಂದ

ಪೆರ್ಲದ ಅಕ್ಕ, ನಾನು ನಿಮ್ಮ ಎಣ್ಮಕಜೆ ಪಂಚಾಯತಿನವನೇ. ದೊಡ್ಡ ಪುಸ್ತಕ ಓದಿದವನಲ್ಲ. ನಾನು ಚಿಕ್ಕವನಿದ್ದಾಗ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಡುತ್ತಿದ್ದರು. ಬಾವಿಗೆ ತೆಂಗಿನ ಮಡಲು ಮುಚ್ಚುತ್ತಿದ್ದೆವು. ಅದು ಮದ್ದು, ಏನೂ ಆಗುವುದಿಲ್ಲ ಅಂದಿದ್ದರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಬಿಟ್ಟರು. ನಮ್ಮ ಮನೆಯಲ್ಲಿ ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದನ್ನು ತಡೆಯಿತು. ಅಲ್ಲಿಯವರೆಗೆ ತಲುಪಲು ಊರಿನ ಜನ, ವೈದ್ಯರು, ಪತ್ರಕರ್ತರು ಎಷ್ಟು ಓಡಾಡಿದ್ದಾರೆ ಅಂತ ನಿಮಗೆ ಗೊತ್ತು.

ಮೇಲೆ 'ಸರಿಪಡಿಸಲಾಗದ' ಅಂತ ಒಂದು ಮಾತು ಬಂತಲ್ಲ, ಅದು ನನಗೆ ಕೂಡಲೇ ಅರ್ಥವಾಯಿತು. ನಮ್ಮಲ್ಲಿ ತಪ್ಪು ನಡೆದ ಮೇಲೂ ಕೇಳಲು ಜನ ಉಳಿದಿದ್ದರು. ಕೋರ್ಟಿಗೆ ಹೋಗಲು ಉಳಿದಿದ್ದರು. ಇವರು ಹೇಳುವ ಅಪಾಯದಲ್ಲಿ ಆಮೇಲೆ ಕೇಳುವವರೇ ಇಲ್ಲ. ಅದಕ್ಕೆ ಮೊದಲೇ ಕೇಳಬೇಕು. ಯಾರು ಪರೀಕ್ಷೆ ಮಾಡಿದರು? ಏನೂ ಆಗುವುದಿಲ್ಲ ಅಂದವರು ಯಾರು? ಅವರಿಗೆ ಇದರಿಂದ ಲಾಭ ಏನು? ಮಗಳಿಗೆ ಭಯ ಇರುವುದು ತಪ್ಪಲ್ಲ ಅಂತ ಹೇಳಿ. ಆ ಭಯದಿಂದ ಮಾಡಲು ಕೆಲಸ ಇದೆ ಅಂತಲೂ ಹೇಳಿ.

ಪೆರ್ಲದಿಂದ, ಮತ್ತೆ

ಎಲ್ಲರಿಗೂ ಮನಸಾರೆ ಧನ್ಯವಾದ. ಮೊಬೈಲು ಹೊರಗೆ ಇಟ್ಟೆವು. ದೋಣಿಯ ವೀಡಿಯೊ ಮೂರು ಸಲ ನೋಡಿದಳು. ಹಿರಣ್ಯಕಶಿಪುವಿನ ಕತೆಗೆ ಅಡಕೆ ಸುಲಿಯುತ್ತಿದ್ದ ಅವಳ ಅಜ್ಜನೂ ಸೇರಿಕೊಂಡರು. ನಿನ್ನೆ ರಾತ್ರಿ ಹತ್ತಕ್ಕೇ ಮಲಗಿದಳು. ರಸೆಲ್ ಪುಸ್ತಕ ತರಿಸಿದ್ದೇವೆ, ದಿನಕ್ಕೆ ಎರಡು ಪುಟ ಒಟ್ಟಿಗೆ ಓದುತ್ತೇವೆ. ನನಗೂ ಇಂಗ್ಲಿಷ್ ನಿಧಾನವೇ. ಪಡ್ರೆಯ ಅಣ್ಣನ ಮಾತು ಓದಿ ತುಂಬಾ ಹೊತ್ತು ಸುಮ್ಮನಿದ್ದಳು. ಆ ಮೂರು ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ. ಭಾನುವಾರ ನಿಮ್ಮನ್ನು ನೋಡಲು ಬರಬಹುದಾ ಅಂತ ಕೇಳುತ್ತಿದ್ದಾಳೆ ಅಣ್ಣ.