ಐದನೇ ಬೋಲ್ಟಿಗೆ ಕೈ ಬಿಚ್ಚಿಕೊಳ್ತಾವು: ಬಲ ಕಮ್ಮಿನೋ, ದಮ್ಮು ಕಮ್ಮಿನೋ?

ಗುಳೇದಗುಡ್ಡದ ಹುಡುಗ
ಎಲ್ಲಾರಿಗೂ ನಮಸ್ಕಾರ್ರಿ. ಬಾದಾಮಿಯೊಳಗ ಬಂಡಿ (ಬಂಡೆಗಲ್ಲು) ಹತ್ತಾಕ ಶುರು ಮಾಡಿ ಎಂಟು ತಿಂಗಳಾತು. ಒಂದು 6ಎ ರೂಟ್ ಐತಿ (6ಎ ಅಂದ್ರ ಹತ್ತೂ ಕಷ್ಟದ ದರ್ಜೆ). ಬಂಡಿಗೆ ಬಡಿದ ಐದನೇ ಬೋಲ್ಟ್ ತನಕ ಆರಾಮ ಹೋಗ್ತೀನಿ, ಅಲ್ಲಿ ಕ್ವಿಕ್‌ಡ್ರಾದಾಗ (ಬೋಲ್ಟಿಗೆ ಸಿಗಿಸೂ ಕೊಂಡ್ಯಾಗ) ಹಗ್ಗ ಹಾಕೂಮುಂದ ಬೆರಳು ತಾವಾಗೇ ಬಿಚ್ಚಿಕೊಳ್ತಾವು. ಮುಂಗೈ ಕಲ್ಲಾಗಿರ್ತೈತಿ. ಕೆಳಗ ಇಳಿದಮ್ಯಾಲ ನೀರಿನ ಬಾಟ್ಲಿ ಮುಚ್ಚಳ ತಿರುವಾಕೂ ಆಗೂದಿಲ್ಲ.

ನಮ್ಮಪ್ಪ, ಕಾಕಾ ಜಾತ್ರ್ಯಾಗ ಸಂಗ್ರಾಣಿ ಕಲ್ಲು ಎತ್ತಿದವ್ರು, ನಾನೂ ಗರಡಿಗೆ ಹೋದಾಂವ. ಎರಡು ತಿಂಗಳಿಂದ ಸ್ಪ್ರಿಂಗ್ ಗ್ರಿಪ್ಪರ್ ದಿನಾ 200 ಸಲ ಒತ್ತಾಕತ್ತೀನಿ. ಏನೂ ಫರಕ್ ಬಿದ್ದಿಲ್ಲ.

ಕೆಂಪುಕಲ್ಲು
ತಮ್ಮಾ, ನೀ ಬೀಳೂ ಜಾಗದಾಗ ಹಗ್ಗಕ್ಕ ಜೋತು ಐದು ನಿಮಿಷ ಕೈ ಇಳಿಬಿಟ್ಟು ದಣಿವಾರಿಸ್ಕೋ. ಆಮ್ಯಾಲ ಅಲ್ಲಿಂದನ ಶುರು ಮಾಡು. ಆ ಹೋಲ್ಡ್ (ಕೈಯಿಂದ ಹಿಡಿಯೂ ಕಲ್ಲಿನ ಅಂಚು) ಹಿಡಿಯಾಕ ಬಂತಂದ್ರ ಬಲ ಐತಿ, ದಮ್ಮಿಲ್ಲ. ಬರ್ಲಿಲ್ಲಂದ್ರ ಬಲಾನ ಕಮ್ಮಿ.

ಗುಳೇದಗುಡ್ಡದ ಹುಡುಗ
ಇವತ್ತು ಮುಂಜಾನೆ ಮಾಡಿ ನೋಡಿದ್ನಿ ಅಣ್ಣಾರ. ಎರಡು ಸಲಾನೂ ಬಂತು.

ಕೆಂಪುಕಲ್ಲು
ಹಂಗಾದ್ರ ಗ್ರಿಪ್ಪರ್ ಬಾಜೂಕ ಇಡು. ಬೆರಳು ಮಡಿಸೂ ದೊಡ್ಡ ಸ್ನಾಯು ಇರೂದು ಮುಂಗೈಯಾಗ. ಜೋರಾಗಿ ಹಿಡಿದಾಗ ಅವು ಬಿಗಿದು ರಕ್ತನಾಳನ ಹಿಚುಕ್ತಾವು, ಹೊಸ ರಕ್ತ ಒಳಗ ಬರೂದಿಲ್ಲ. ಗ್ರಿಪ್ಪರ್ ಒಮ್ಮೆ ಒತ್ತಿ ಬಿಟ್ರ ನಡುವ ರಕ್ತ ಹರೀತೈತಿ. ಬಂಡಿ ಮ್ಯಾಲ ಬೆರಳು ಅಲುಗಾಡೂದಿಲ್ಲ, ಹಿಡಿದದ್ದು ಹಿಡಿದಂಗ ಇರಬೇಕು. ಸಂಗ್ರಾಣಿ ಕಲ್ಲಂತೂ ಕೆಲವೇ ಸೆಕೆಂಡಿನ ಕೆಲಸ. ಇದು ಬ್ಯಾರೆ ದಮ್ಮು.

ವಾರಕ್ಕ ಎರಡು ದಿನ ನೆಲದಿಂದ ಒಂದು ಮೊಳ ಎತ್ತರದಾಗ, ದೊಡ್ಡ ಹೋಲ್ಡ್ ಹಿಡಕೊಂಡು ಅಡ್ಡಡ್ಡ 20 ನಿಮಿಷ ಹೋಗು. ಮಾತಾಡ್ತಾ ಹೋಗೂವಷ್ಟು ಹಗುರ ಇರಬೇಕು, ಮುಂಗೈ ಕಲ್ಲಾಗಬಾರ್ದು. ಗುಹೆ, ಗುಡಿ ಗ್ವಾಡಿ ಮಾತ್ರ ಮುಟ್ಟಬ್ಯಾಡ. ಮಳಿ ಬಂದ ಮರುದಿನಾನೂ ಬ್ಯಾಡ, ಹಸಿ ಮರಳುಗಲ್ಲಿನ ಹೋಲ್ಡ್ ಮುರೀತಾವು.

ಇನ್ನೊಂದು: ಹೋಲ್ಡ್ ಹ್ಯಾಂಗ ಹಿಡಿತೀ?

ಗುಳೇದಗುಡ್ಡದ ಹುಡುಗ
ಬೆರಳು ಪೂರ್ತಿ ಮಡಿಸಿ, ಹೆಬ್ಬೆಟ್ಟು ಮ್ಯಾಲ ಇಟ್ಟು ಒತ್ತತೀನಿ. ದೊಡ್ಡ ಹೋಲ್ಡಿಗೂ ಹಂಗ. ಬೀಳೂ ಹೆದರಿಕಿ ಐತ್ರಿ.

ಬೆಳಗಾವಿ ಅಕ್ಕ
ಅದನ್ನ ಇವತ್ತ ಬಿಡು ತಮ್ಮಾ. ನಾನೂ ಹಂಗ ಹಿಡಿದು ಉಂಗುರ ಬೆರಳು ನೋವು ಮಾಡ್ಕೊಂಡಾಕಿ. ಟಪ್ ಅಂತ ಸಪ್ಪಳ ಕೇಳ್ತು. ಸ್ನಾಯುರಜ್ಜು ಎಲುಬಿಗೆ ಅಂಟಿ ಇರೂಹಂಗ ಹಿಡಿದಿಡೂ ಪಟ್ಟಿ ಇರ್ತೈತಿ, ಎ2 ಪುಲ್ಲಿ ಅಂತಾರ, ಅದು ಹರಿದಿತ್ತು. ಮೂರು ತಿಂಗಳು ಬಂಡಿ ಮುಟ್ಟಲಿಲ್ಲ. ಸ್ನಾಯು ಲಗೂನ ಬೆಳೀತಾವು, ರಜ್ಜು, ಪುಲ್ಲಿ ಗಟ್ಟಿಯಾಗಾಕ ಬಾಳ ದಿನ ಬೇಕು. ಗರಡಿ ಮೈಯವ್ರಿಗೆ ಅಪಾಯ ಇರೂದು ಅಲ್ಲೇ. ದೊಡ್ಡ ಹೋಲ್ಡಿಗೆ ಬೆರಳು ಬಿಚ್ಚಿ ಕೊಕ್ಕಿ ಹಂಗ ನೇತು ಹಾಕು, ಬೀಳದಷ್ಟ ಹಿಡಿ. ಮೂರನೇ ಬೋಲ್ಟ್ ಹತ್ರ ಕಾಲಿಗೆ ಛಲೋ ಜಾಗ ಇದ್ರ ಒಂದೊಂದ ಕೈ ಸೊಂಟದ ಕೆಳಗ ಇಳಿಬಿಟ್ಟು ಝಾಡಿಸು.

ಹೆದರಿಕೀಗೆ ಔಷಧ ಅಂದ್ರ ನಂಬಿಗಸ್ತ ಬಿಲೇಯರ್ (ಕೆಳಗ ನಿಂತು ಹಗ್ಗ ಹಿಡಿಯೂವ್ರು). ಬೋಲ್ಟಿಗಿಂತ ಸ್ವಲ್ಪ ಮ್ಯಾಲಿಂದ ಬೇಕಂತನ ನಾಕು ಸಲ ಬಿದ್ದು ನೋಡು. ಕೆಳಗ ಚಾಚು ಇರದ ಜಾಗದಾಗ.

ಗುಳೇದಗುಡ್ಡದ ಹುಡುಗ
ಐದು ವಾರ ಆತ್ರಿ. ಮೂರನೇ ಬೋಲ್ಟಿಗೆ ಕೈ ಝಾಡಿಸಿ, ಐದನೇದ್ದರಾಗ ಹಗ್ಗ ಹಾಕಿದ್ನಿ. ಏಳನೇದ್ದರ ಹತ್ರ ಬಿದ್ನಿ. ಅಲ್ಲಿ ಹೋಲ್ಡ ಕಾಣಿಸಲಿಲ್ಲ, ಕೈ ಬಿಚ್ಚಿದ್ದಲ್ಲ. ಬರೂ ಐತ್ವಾರ ಬಿಸಿಲೇರೂದ್ರಾಗ ಹೋಗ್ತೀನಿ, ಬಿಲೇ ಹಿಡಿಯಾಕ ಯಾರರ ಬರ್ತೀರೇನ್ರಿ?