ಪದಚರ್ಚೆ: ಬ್ಯಾಕಪ್ ಇರಲಿ, ರಿಸ್ಟೋರ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಕಂಪ್ಯೂಟರ್ ಬಳಸುವ ಹಿರಿಯರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಫೋಟೋ, ಕಾಗದಪತ್ರ, ಲೆಕ್ಕಗಳನ್ನು ಬ್ಯಾಕಪ್ ಮಾಡಿಟ್ಟುಕೊಳ್ಳುವುದು ಹೇಗೆ, ಡಿಸ್ಕ್ ಕೈಕೊಟ್ಟರೆ ವಾಪಸ್ ತರುವುದು ಹೇಗೆ, ಇಷ್ಟೇ ವಿಷಯ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಬ್ಯಾಕಪ್ ಅನ್ನುವ ಪದವನ್ನು ಬದಲಿಸುವ ಆಸೆ ನನಗಿಲ್ಲ. ಎಲ್ಲರ ಬಾಯಲ್ಲೂ ಇದೆ. ಯುಪಿಎಸ್ ಎಷ್ಟು ಹೊತ್ತು ಬ್ಯಾಕಪ್ ಕೊಡುತ್ತೆ ಅಂತಲೂ ಕೇಳುತ್ತೇವೆ, ಅದು ಸಂದರ್ಭದಿಂದ ಗೊತ್ತಾಗುತ್ತದೆ. ತೊಂದರೆ ಇರುವುದು ಇನ್ನೊಂದು ಬಳಕೆಯಲ್ಲಿ. ‘ಫೋಟೋ ಎಲ್ಲ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ಮಾಡಿ ಕಂಪ್ಯೂಟರ್ ಖಾಲಿ ಮಾಡಿದೆ’ ಅನ್ನುತ್ತಾರೆ. ಅದು ಬ್ಯಾಕಪ್ ಹೇಗಾದೀತು? ಮೊದಲೂ ಒಂದೇ ಪ್ರತಿ ಇತ್ತು, ಈಗಲೂ ಒಂದೇ. ಜಾಗ ಮಾತ್ರ ಬೇರೆ. ಆ ಡಿಸ್ಕ್ ಕೈಜಾರಿ ಬಿದ್ದರೆ ಎಲ್ಲ ಹೋಯ್ತು.

ಇದನ್ನು ಬಿಡಿಸಿ ಹೇಳಲು ಒಂದು ಕನ್ನಡ ಮಾತು ಬೇಕು. ‘ಎತ್ತಿಡು’ ಮೊದಲು ಹೊಳೆಯಿತು, ಆದರೆ ಎತ್ತಿಟ್ಟರೆ ಮೊದಲಿದ್ದ ಜಾಗದಲ್ಲಿ ಏನೂ ಉಳಿಯುವುದಿಲ್ಲ, ಅಲ್ವಾ? ಅಂದರೆ ಅದೇ ತಪ್ಪು ತಿಳಿವಳಿಕೆಗೆ ಇನ್ನಷ್ಟು ಬಲ ಕೊಟ್ಟ ಹಾಗೆ. ‘ಉಳಿಸು’ ಈಗಾಗಲೇ ಸೇವ್‌ಗೆ ಹೋಗಿದೆ. ‘ನಕಲು’ ಅಂದರೆ ಪರೀಕ್ಷೆಯ ನಕಲು ನೆನಪಾಗುತ್ತದೆ. ನನಗೆ ಹಿಡಿಸಿದ್ದು ‘ಕಾಪಿಡು’. ಕಾಪಿಟ್ಟ ಪ್ರತಿ, ಅಂದರೆ ಮೂಲಕ್ಕೆ ಕಾವಲಾಗಿ ಬೇರೆ ಕಡೆ ಇಟ್ಟಿರುವ ಪ್ರತಿ. ಕಾಪಿ ಅನ್ನುವ ಇಂಗ್ಲಿಷ್ ಮಾತಿನ ಸದ್ದೂ ಅದರಲ್ಲಿದೆ, ತಮಾಷೆಗೆ ಹೇಳಿದೆ.

‘ಪ್ರತಿ’ಯನ್ನು ಮಾತ್ರ ಬಿಡಲಾರೆ. 3-2-1 ಅನ್ನುವ ಸೂತ್ರ ಕೇಳಿರುತ್ತೀರಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ಮೂರರಲ್ಲಿ ಮೂಲವೂ ಸೇರಿದೆಯಾ ಅಂತ ಕೇಳುವವರು ಜಾಸ್ತಿ. ಸೇರಿದೆ. ‘ಮೂರು ನಕಲು’ ಅಂದರೆ ಅದು ಹೊಳೆಯುವುದಿಲ್ಲ. ‘ಮೂರು ಪ್ರತಿ’ ಅಂದರೆ ಸರಿಹೋಗುತ್ತದೆ, ಏಕೆಂದರೆ ನಮ್ಮಲ್ಲಿ ಲೇಖಕರು ಕೈಯಾರೆ ಬರೆದ ಮೂಲವೂ ಹಸ್ತಪ್ರತಿಯೇ.

ಇನ್ನು ಸಿಂಕ್. ಒನ್‌ಡ್ರೈವ್, ಗೂಗಲ್ ಡ್ರೈವ್ ಇದ್ದರೆ ಬ್ಯಾಕಪ್ ಆದಂತೆ ಅಂದುಕೊಳ್ಳುತ್ತಾರೆ. ಸಿಂಕ್ ಆಗಿರುವ ಫೋಲ್ಡರಿನಲ್ಲಿ ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ‘ಜೊತೆಜೊತೆಗೆ ಬದಲಾಗುವುದು’ ಅಂತ ವಿವರಿಸಿ ಸಿಂಕ್ ಎಂದೇ ಬರೆದಿದ್ದೇನೆ.

ನಿಜವಾದ ಗೋಜಲು ವಾಪಸ್ ತರುವ ಕೆಲಸದ್ದು, ಅಂದರೆ ರಿಸ್ಟೋರ್‌ನದು. ‘ಮರುಸ್ಥಾಪನೆ’ ಅನ್ನುವ ಪದ ಚಾಲ್ತಿಯಲ್ಲಿದೆ. ಆದರೆ ಓದುವವರಿಗೆ ರಿಸ್ಟೋರ್, ರಿಸೆಟ್, ರಿಇನ್‌ಸ್ಟಾಲ್ ಮೂರೂ ಮರುಸ್ಥಾಪನೆಯಂತೆಯೇ ಕೇಳಿಸುತ್ತವೆ. ವಿಂಡೋಸ್‌ನಲ್ಲೇ ನೋಡಿ. ಕಡತಗಳ ಪ್ರತಿಯನ್ನು ಆಗಾಗ ತೆಗೆದಿಡುವ ಫೈಲ್ ಹಿಸ್ಟರಿಯಿಂದ ರಿಸ್ಟೋರ್ ಮಾಡಿದರೆ ಹಳೆಯ ಕಡತ ವಾಪಸ್ ಬರುತ್ತದೆ. ಸಿಸ್ಟಮ್ ರಿಸ್ಟೋರ್ ಅನ್ನುವುದು 2000ದ ವಿಂಡೋಸ್ ಎಂಇ ಕಾಲದಿಂದ ಇದೆ. ಅದು ಸಿಸ್ಟಮ್ ಕಡತ, ಡ್ರೈವರ್, ಸೆಟ್ಟಿಂಗುಗಳನ್ನು ಹಿಂದಿನ ಒಂದು ದಿನದ ಸ್ಥಿತಿಗೆ ಒಯ್ಯುತ್ತದೆ, ಅಳಿಸಿದ ಮದುವೆ ಫೋಟೋವನ್ನು ತಂದುಕೊಡುವುದಿಲ್ಲ. ವಿಂಡೋಸನ್ನೇ ಹೊಸದಾಗಿ ಹಾಕುವ ರಿಸೆಟ್‌ನಲ್ಲಿ ‘ಕಡತಗಳನ್ನು ಇಟ್ಟುಕೊಳ್ಳಿ’ ಅಂತ ಆರಿಸಿದರೂ ನೀವು ಹಾಕಿಕೊಂಡ ಪ್ರೋಗ್ರಾಮುಗಳು ಹೋಗುತ್ತವೆ. ಇನ್ನೊಂದು ಆಯ್ಕೆಯಲ್ಲಿ ಕಡತಗಳೂ ಹೋಗುತ್ತವೆ. ಇಷ್ಟು ಬೇರೆಬೇರೆ ಕೆಲಸಕ್ಕೆ ಒಂದೇ ಪದ ಕೊಟ್ಟು, ಓದುಗರು ತಪ್ಪು ಗುಂಡಿ ಒತ್ತಿದರೆ ಹೊಣೆ ಬರೆದವರದೇ.

ಸದ್ಯಕ್ಕೆ ಕಡತಕ್ಕೆ ‘ಮರಳಿ ತರು’, ಸಿಸ್ಟಮ್‌ಗೆ ‘ಹಿಂದಿನ ಸ್ಥಿತಿಗೆ ಒಯ್ಯು’, ರಿಸೆಟ್‌ಗೆ ‘ಹೊಸದಾಗಿಸು’ ಅಂತ ಇಟ್ಟುಕೊಂಡಿದ್ದೇನೆ. ಕೊನೆಯದು ನನಗೇ ಒಪ್ಪಿಗೆಯಿಲ್ಲ. ಹೊಸದು ಅಂದರೆ ಒಳ್ಳೆಯದು ಅಂದುಕೊಂಡು ಒತ್ತಿಬಿಟ್ಟಾರು. ‘ಬರಿದಾಗಿಸು’ ಅಂದರೆ ಹೆದರುತ್ತಾರೆ. ಹೆದರಲಿ ಅಂತಲೂ ಅನ್ನಿಸುತ್ತದೆ.

‘ಮರಳಿ ತರು’ ಬಗ್ಗೆಯೂ ಒಂದು ಮಾತು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ರೂಪದಲ್ಲಿ ಟೈಪ್ ಮಾಡಿದ ಪತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಫೈಲ್ ಹಿಸ್ಟರಿ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಇಂಥವನ್ನು ನೋಡಿಕೊಳ್ಳುತ್ತದೆ. ಫಾಂಟು ಇರುವುದು ಇವುಗಳ ಹೊರಗೆ, ಸಾಮಾನ್ಯವಾಗಿ ವಿಂಡೋಸ್ ಫೋಲ್ಡರಿನ ಒಳಗೆ. ಹೊಸ ಕಂಪ್ಯೂಟರಿಗೆ ಕಡತ ಬರುತ್ತದೆ, ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದು ಹಾಳಾಗಿದೆ ಅಂತ ಅಳಿಸಿಬಿಡುವವರೂ ಇದ್ದಾರೆ. ಹಾಳಾಗಿರುವುದಿಲ್ಲ, ಅದೇ ಫಾಂಟ್ ಹಾಕಿದರೆ ಓದಬಹುದು. ಆದ್ದರಿಂದ ಫಾಂಟ್ ಕಡತವನ್ನೂ ಜೊತೆಗೇ ಕಾಪಿಡಿ, ಇಲ್ಲವೇ ಮೊದಲೇ ಯೂನಿಕೋಡ್‌ಗೆ ಬದಲಿಸಿಡಿ ಅಂತ ಬರೆದಿದ್ದೇನೆ.

ಇಡೀ ಡಿಸ್ಕನ್ನು ಇದ್ದ ಹಾಗೇ ಇನ್ನೊಂದಕ್ಕೆ ಇಳಿಸುವ ಕ್ಲೋನ್‌ಗೆ ‘ಪಡಿಯಚ್ಚು’ ಸೊಗಸಾಗಿ ಒಪ್ಪುತ್ತದೆ, ಅದರಲ್ಲಿ ಅನುಮಾನವಿಲ್ಲ.

ಇಂಕ್ರಿಮೆಂಟಲ್ ಬ್ಯಾಕಪ್‌ಗೆ, ಅಂದರೆ ಹಿಂದಿನ ಸಲದಿಂದ ಬದಲಾದಷ್ಟನ್ನು ಮಾತ್ರ ತೆಗೆದುಕೊಳ್ಳುವುದಕ್ಕೆ, ಏನೂ ಸಿಕ್ಕಿಲ್ಲ. ‘ಹೆಚ್ಚುವರಿ’ ಅಂದರೆ ಬೇಕಿದ್ದಕ್ಕಿಂತ ಜಾಸ್ತಿ ಅನ್ನುವ ಅರ್ಥ ಬರುತ್ತದೆ. ‘ಬದಲಾದಷ್ಟರ ಬ್ಯಾಕಪ್’ ಉದ್ದವಾಯಿತೇ? ನಿಮ್ಮ ಕಡೆ ಕಂಪ್ಯೂಟರ್ ರಿಪೇರಿಯವರು, ಕಲಿಸುವವರು ರಿಸೆಟ್ ಮತ್ತು ಇದಕ್ಕೆ ಆಡುಮಾತಿನಲ್ಲಿ ಏನಾದರೂ ಹೇಳುತ್ತಿದ್ದರೆ, ಯಾವ ಊರಿನ ಬಳಕೆ ಅನ್ನುವುದನ್ನೂ ಸೇರಿಸಿ ತಿಳಿಸಿ.