ಕಿಟ್ ಜೊತೆ ಬಂದ ಯೀಸ್ಟ್ ಮಿಕ್ಕಿದೆ, ಏನು ಮಾಡಲಿ?

ಮಾಲ್ಟ್‌ಮರಿ:
ಮನೆಯಲ್ಲೇ ಬಿಯರ್ ಮಾಡುವ ಕಿಟ್ ಡಬ್ಬಿಯ ಮುಚ್ಚಳದಡಿ ಪುಟ್ಟ ಯೀಸ್ಟ್ ಪೊಟ್ಟಣ ಇರುತ್ತದಲ್ಲ, ಅದನ್ನು ನಾನು ಬಳಸುವುದೇ ಇಲ್ಲ. ನನಗಿಷ್ಟದ ಏಲ್ (ಒಂದು ಬಗೆಯ ಬಿಯರ್) ಯೀಸ್ಟ್ ಬೇರೆ ತಂದು ಹಾಕುತ್ತೇನೆ. ಹೀಗಾಗಿ ಫ್ರಿಜ್ ಬಾಗಿಲ ತುಂಬ ಪೊಟ್ಟಣಗಳೇ. ಬಿಸಾಡಲು ಮನಸ್ಸಿಲ್ಲ. ಕುದಿಯುವ ವರ್ಟ್‌ಗೆ (ಬಿಯರ್ ಆಗುವ ಮುಂಚಿನ ಸಿಹಿ ರಸಕ್ಕೆ) ಹಾಕಿದರೆ ಯೀಸ್ಟ್‌ಗೆ ಗೊಬ್ಬರ ಆಗುತ್ತದಂತೆ, ನಿಜವಾ? ರುಚಿ ಕೆಡುವುದಿಲ್ವಾ?

ಹಳೇಬಕೆಟ್:
ನಿಜ. ಕುದಿ ಮುಗಿಯಲು 10–15 ನಿಮಿಷ ಇರುವಾಗ ಒಂದು ಪೊಟ್ಟಣ ಸುರಿಯಿರಿ. ಬಿಸಿಗೆ ಯೀಸ್ಟ್ ಸಾಯುತ್ತದೆ, ಒಳಗಿದ್ದ ಸಾರಜನಕ, ಬಿ ವಿಟಮಿನ್ ವರ್ಟ್‌ಗೆ ಇಳಿಯುತ್ತವೆ. ಆಮೇಲೆ ಹಾಕುವ ಯೀಸ್ಟ್ ಅದನ್ನೇ ತಿಂದು ಬೆಳೆಯುತ್ತದೆ. ಸತ್ತ ನೆಂಟರನ್ನೂ ಬಿಡದ ಜಾತಿ! 20 ಲೀಟರ್‌ಗೆ 5–7 ಗ್ರಾಂ ಏನೂ ಅಲ್ಲ, ನಾಲಿಗೆಗೆ ಗೊತ್ತಾಗುವುದಿಲ್ಲ. ಗಸಿಯ ಜೊತೆ ತಳ ಸೇರುತ್ತದೆ.

ಆದರೆ ಬರೀ ಮಾಲ್ಟ್‌ನಿಂದ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ) ಮಾಡುವುದಾದರೆ ಇದು ಸುಮ್ನೆ ನಮ್ಮ ಸಮಾಧಾನಕ್ಕೆ. ಯೀಸ್ಟ್‌ಗೆ ಬೇಕಾದ್ದು ಬಹುಪಾಲು ಮಾಲ್ಟ್‌ನಲ್ಲೇ ಇದೆ. ಕಿಟ್‌ಗೆ ಒಂದು ಕಿಲೋ ಸಕ್ಕರೆ ಬೆರೆಸುವವರಿಗೆ ಉಪಯೋಗ ಜಾಸ್ತಿ, ಸಕ್ಕರೆಯಲ್ಲಿ ಸಾರಜನಕವೇ ಇಲ್ಲ. ಜೇನಿನಿಂದ ಮೀಡ್ ಎಂಬ ಮದ್ಯ ಮಾಡುವವರಂತೂ ಈ ಪೊಟ್ಟಣ ಎಸೆಯಲೇಬಾರದು.

ನೊರೆಪ್ರಿಯ:
ನಾನು ಕುದಿಸುವುದೇ ಇಲ್ಲ, ಡಬ್ಬಿ ಬಿಚ್ಚಿ ಬಿಸಿನೀರಲ್ಲಿ ಕಲಸುವುದಷ್ಟೇ. ನೇರವಾಗಿ ಫರ್ಮೆಂಟರ್‌ಗೆ (ಹುದುಗಲು ಇಡುವ ಪಾತ್ರೆಗೆ) ಹಾಕಬಹುದಾ?

ಹಳೇಬಕೆಟ್:
ಬೇಡ. ಜೀವ ಇದ್ದರೆ ಅದೂ ಕೆಲಸಕ್ಕೆ ಇಳಿಯುತ್ತದೆ. ಆಮೇಲೆ ನೀವು ಆರಿಸಿ ತಂದ ಯೀಸ್ಟ್‌ನ ಪರಿಮಳ ಎಷ್ಟು, ಕಿಟ್‌ನದು ಎಷ್ಟು ಅಂತ ಯಾರಿಗೆ ಗೊತ್ತು? ಒಂದು ಲೋಟ ನೀರಿನಲ್ಲಿ ಬೇರೆಯಾಗಿ 10 ನಿಮಿಷ ಕುದಿಸಿ, ತಣಿಸಿ ಹಾಕಿ. ಪಾತ್ರೆ ದೊಡ್ಡದಿರಲಿ, ಉಕ್ಕುತ್ತದೆ.

ಹಾಪ್ಸ್‌ಹುಚ್ಚ:
ಎಲ್ಲರೂ ಕೊಲ್ಲುವ ಮಾತೇ ಆಡ್ತೀರಲ್ಲ! ಒಣ ಯೀಸ್ಟ್ ಗಟ್ಟಿ ಜೀವ ಸ್ವಾಮಿ. ಫ್ರಿಜ್‌ನಲ್ಲಿಟ್ಟದ್ದು ವರ್ಷ ಕಳೆದರೂ ಬಹುತೇಕ ಬದುಕಿರುತ್ತದೆ. ಸೆಕೆಯಲ್ಲಿ ಬಿದ್ದಿದ್ದ ಡಬ್ಬಿಯದನ್ನು ಮಾತ್ರ ನಂಬಬೇಡಿ. ಹಗುರವಾದ ಏಲ್‌ಗೆ ಎರಡು ಪೊಟ್ಟಣ ಒಟ್ಟಿಗೆ ಹಾಕಿ, 18–20 ಡಿಗ್ರಿಯಲ್ಲಿಡಿ, ಚೆನ್ನಾಗೇ ಬರುತ್ತದೆ. ಒಂದೇ ಪೊಟ್ಟಣ ಹಾಕಿ ಬೆಚ್ಚಗಿಟ್ಟು ‘ಕಿಟ್ ಯೀಸ್ಟ್ ಸರಿಯಿಲ್ಲ’ ಅನ್ನುವವರೇ ಜಾಸ್ತಿ.

ಅನುಮಾನ ಇದ್ದರೆ ಕುದಿಸಿ ಆರಿಸಿದ ನೀರು 30–35 ಡಿಗ್ರಿ ಇರುವಾಗ ಚಿಟಿಕೆ ಸಕ್ಕರೆ ಹಾಕಿ, ಮೇಲೆ ಯೀಸ್ಟ್ ಉದುರಿಸಿ. ಅರ್ಧ ಗಂಟೆಯಲ್ಲಿ ನೊರೆ ಎದ್ದರೆ ಫರ್ಮೆಂಟರ್‌ಗೆ, ಇಲ್ಲದಿದ್ದರೆ ಹಳೇಬಕೆಟ್ ಅವರ ಕುದಿಯುವ ಪಾತ್ರೆಗೆ.

ಮಾಲ್ಟ್‌ಮರಿ:
ಸರಿ, ಹಳೆಯವೆಲ್ಲ ಕುದಿಗೆ. ಹೊಸ ಎರಡನ್ನು ಹಗುರ ಏಲ್‌ಗೆ ಎತ್ತಿಟ್ಟೆ.